ತಾಲ್ಲೂಕು ಕೋರ್ಟಿನಿಂದ ಹೈಕೋರ್ಟಿನವರೆಗೆ

ಕರ್ನಾಟಕದ ನ್ಯಾಯಾಂಗ ನಿಂತಿರುವುದು ತಾಲ್ಲೂಕು ಕೋರ್ಟುಗಳ ಮೇಲೆ. ಅಲ್ಲಿ ಸಾಮಾನ್ಯವಾಗಿ ಒಬ್ಬರೇ ಎರಡು ಹೊಣೆ ಹೊರುತ್ತಾರೆ. ಜಮೀನಿನ ಸರಹದ್ದು, ಕೈಸಾಲ, ಪಾಲು ವಿಭಾಗದ ದಾವೆ ಕೇಳುವಾಗ ಅವರು ಸಿವಿಲ್ ನ್ಯಾಯಾಧೀಶರು. ಹೊಡೆದಾಟ, ಕಳವಿನ ಪ್ರಕರಣ ಬಂದಾಗ ಪ್ರಥಮ ದರ್ಜೆ ದಂಡಾಧಿಕಾರಿ, ಜನರ ಮಾತಿನಲ್ಲಿ ಜೆಎಂಎಫ್‌ಸಿ.

1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆ ಸಿವಿಲ್ ಕೋರ್ಟುಗಳನ್ನು ಕಿರಿಯ ವಿಭಾಗ, ಹಿರಿಯ ವಿಭಾಗ, ಜಿಲ್ಲಾ ನ್ಯಾಯಾಲಯ ಎಂದು ವಿಂಗಡಿಸಿದೆ. ಕಿರಿಯ ವಿಭಾಗವನ್ನು ಹಳಬರು ಇಂದಿಗೂ ಮುನ್ಸೀಫ್ ಕೋರ್ಟು ಎನ್ನುವುದುಂಟು. ದಾವೆ ಯಾವ ಕೋರ್ಟಿಗೆ ಹೋಗಬೇಕೆಂಬುದು ಮುಖ್ಯವಾಗಿ ಅದರ ಮೌಲ್ಯವನ್ನು ಅವಲಂಬಿಸಿದೆ. ಬೆಂಗಳೂರು ನಗರಕ್ಕೆ 1979ರ ಪ್ರತ್ಯೇಕ ಕಾಯ್ದೆಯಡಿ ಸಿಟಿ ಸಿವಿಲ್ ಕೋರ್ಟು ಇದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಅಳತೆಗೋಲು ಶಿಕ್ಷೆ: ಪ್ರಥಮ ದರ್ಜೆ ದಂಡಾಧಿಕಾರಿ 3 ವರ್ಷದವರೆಗೆ, ಮುಖ್ಯ ನ್ಯಾಯಿಕ ದಂಡಾಧಿಕಾರಿ 7 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸೆಷನ್ಸ್ ನ್ಯಾಯಾಧೀಶರಿಗೆ ಅಂಥ ಮಿತಿಯಿಲ್ಲ; ಆದರೆ ಅವರು ಕೊಟ್ಟ ಮರಣದಂಡನೆ ಹೈಕೋರ್ಟು ದೃಢಪಡಿಸುವವರೆಗೆ ಜಾರಿಯಾಗದು.

1884ರಲ್ಲಿ ಮೈಸೂರಿನ ಚೀಫ್ ಕೋರ್ಟಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಹೈಕೋರ್ಟಿನ ಪೂರ್ವಜ. ಸಂವಿಧಾನದ 226ನೇ ವಿಧಿ ಅದಕ್ಕೆ ರಿಟ್ ಅಧಿಕಾರ ಕೊಟ್ಟಿದೆ. 235ನೇ ವಿಧಿ ಅಧೀನ ನ್ಯಾಯಾಲಯಗಳ ಮೇಲಿನ ಹತೋಟಿಯನ್ನು ಸರ್ಕಾರಕ್ಕೆ ಬಿಡದೆ ಹೈಕೋರ್ಟಿಗೇ ಒಪ್ಪಿಸಿದೆ. ತಾಲ್ಲೂಕಿನ ನ್ಯಾಯಾಧೀಶರು ಸ್ಥಳೀಯ ರಾಜಕಾರಣಕ್ಕೆ ಅಂಜದೆ ಕೂರಲು ಈ ಏರ್ಪಾಡು ದೊಡ್ಡ ಆಸರೆ. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಬೀದರಿನ ಕಕ್ಷಿದಾರ ಒಂದು ಮೇಲ್ಮನವಿಗಾಗಿ ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ ಅಲೆಯುವುದು ಇದರಿಂದ ತಪ್ಪಿತು. ರಾಜ್ಯದ ನ್ಯಾಯಾಂಗ ಕಂಡ ಸುಧಾರಣೆಗಳಲ್ಲಿ ಜನರಿಗೆ ಇಷ್ಟು ನೇರವಾಗಿ ದಕ್ಕಿದ್ದು ಕಡಿಮೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಈ ಶ್ರೇಣಿಯನ್ನು ವಿವರಿಸಿ ನಿಲ್ಲುತ್ತವೆ. ಮೇಲಿನ ಕೋರ್ಟೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲಿ ಮೂಡುವುದು ಹೀಗೆ. ವಾಸ್ತವದಲ್ಲಿ ಯಾರು ಉತ್ತರು, ಯಾರು ಹಣ ಕೊಟ್ಟರು, ಕ್ರಯಪತ್ರಕ್ಕೆ ಸಹಿ ಹಾಕಿದ್ದು ಯಾರು ಎಂಬ ಸಂಗತಿಗಳು ತೀರ್ಮಾನವಾಗುವುದು ಕೆಳಗಿನ ಕೋರ್ಟಿನಲ್ಲೇ. ಸಾಕ್ಷಿ ಪಾಟೀಸವಾಲಿನಲ್ಲಿ ತಡವರಿಸಿದ್ದನ್ನು ಕಣ್ಣಾರೆ ಕಂಡವರು ಆ ನ್ಯಾಯಾಧೀಶರು ಮಾತ್ರ. ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನು ಮತ್ತೆ ತೂಗಬಹುದು, ಆದರೆ ಬಹುಮಟ್ಟಿಗೆ ಕಾಗದದ ಮೇಲೆ ಇರುವುದನ್ನಷ್ಟೆ. ಎರಡನೇ ಮೇಲ್ಮನವಿಗಂತೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ ಮಹತ್ವದ ಕಾನೂನು ಪ್ರಶ್ನೆ ಇರಲೇಬೇಕು. ಬುಡದಲ್ಲಿ ಸಂಗತಿ ಕೆಟ್ಟರೆ ಮೇಲೆ ಸರಿಪಡಿಸಲು ಉಳಿಯುವ ಅವಕಾಶ ತೀರ ಕಡಿಮೆ.

ವ್ಯವಸ್ಥೆ ಸೊರಗಿರುವುದೂ ಅಲ್ಲೇ. ವಿಚಾರಣೆಯ ಹಂತದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಸಂಹಿತೆ ಹೇಳುತ್ತದೆ. ಆ ಮಿತಿ ದಾಟದ ದಾವೆ ಅಪರೂಪ. ವಕೀಲರ ಗೈರು, ಸಮನ್ಸ್ ಮುಟ್ಟದಿರುವುದು, ಒಂದೇ ದಿನದ ಪಟ್ಟಿಯಲ್ಲಿ ಕೇಳಲಾಗದಷ್ಟು ಪ್ರಕರಣಗಳು: ಕಾರಣ ಯಾವುದಾದರೂ ಆಗಲಿ, ಪ್ರತಿ ವಾಯಿದೆಗೂ ದಿನಗೂಲಿ ಕಳೆದುಕೊಂಡು ಬಸ್ಸಿಗೆ ದುಡ್ಡು ಹೊಂದಿಸುವವರು ಕಕ್ಷಿದಾರರು.

ಭಾಷೆಯದು ಇನ್ನೊಂದು ಬಿರುಕು. ಸಾಕ್ಷಿ ಕನ್ನಡದಲ್ಲಿ ನುಡಿಯುತ್ತಾನೆ. 348ನೇ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಹೈಕೋರ್ಟುಗಳಲ್ಲಿ ಹಿಂದಿ ಬಳಕೆಗೆ ಅನುಮತಿ ಇದೆ. ಕನ್ನಡಕ್ಕೆ ಅಂಥ ಅನುಮತಿ ದೊರೆತಿಲ್ಲ. 2024ರ ಡಿಸೆಂಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ಕೊಟ್ಟದ್ದು ಸ್ವಾಗತಾರ್ಹ. ಆದರೂ ತನ್ನ ಆಸ್ತಿಯ ಹಣೆಬರಹವನ್ನು ಬೇರೆಯವರಿಂದ ಓದಿಸಿ ತಿಳಿಯಬೇಕಾದ ಸ್ಥಿತಿ ಬಹುತೇಕ ಕಕ್ಷಿದಾರರಿಗೆ ಇನ್ನೂ ತಪ್ಪಿಲ್ಲ.

ಕಕ್ಷಿದಾರರಿಗೆ ನೆರವಿನ ದಾರಿಗಳೂ ಇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸಾಗುತ್ತದೆ, ಆ ರಾಜಿ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ, ವಾಹನ ಅಪಘಾತದ ಪರಿಹಾರಕ್ಕೆ ಇದು ನಿಜಕ್ಕೂ ಒಳ್ಳೆಯ ದಾರಿ. ಆದರೆ ವಾಯಿದೆಗಳಿಂದ ಸುಸ್ತಾದವನು ಸಿಕ್ಕಷ್ಟು ಸಾಕೆಂದು ಒಪ್ಪಿದ್ದನ್ನೂ ಯಶಸ್ಸಿನ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಗೆದ್ದವನ ಕಷ್ಟ ಡಿಕ್ರಿಯೊಂದಿಗೆ ಮುಗಿಯುವುದಿಲ್ಲ. ಸೋತವನು ಜಾಗ ಬಿಡದಿದ್ದರೆ ಪ್ರತ್ಯೇಕ ಅಮಲ್ಜಾರಿ ಅರ್ಜಿ ಹಾಕಬೇಕು. ಅಷ್ಟರಲ್ಲಿ ಮೂರನೆಯವನೊಬ್ಬ ತನಗೂ ಹಕ್ಕಿದೆ ಎಂದು ತಕರಾರು ತೆಗೆದಿರುತ್ತಾನೆ. ಬೆಂಗಳೂರಿನ ಮೈಸೂರು ರಸ್ತೆಯ ಆಸ್ತಿಯೊಂದರ ವ್ಯಾಜ್ಯದಲ್ಲಿ ಇಂಥ ವಿಳಂಬವನ್ನು ಕಂಡ ಸುಪ್ರೀಂ ಕೋರ್ಟು, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದು 2021ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅದೇ ತೀರ್ಪಿನ ಇನ್ನೊಂದು ಸೂಚನೆ ಗಡುವಿಗಿಂತ ಹೆಚ್ಚು ಉಪಯುಕ್ತ: ಸ್ವಾಧೀನದ ದಾವೆಗಳಲ್ಲಿ ಅಗತ್ಯವಿದ್ದರೆ ಆರಂಭದಲ್ಲೇ ಕೋರ್ಟ್ ಕಮಿಷನರನ್ನು ನೇಮಿಸಿ, ಆಸ್ತಿಯ ಚೆಕ್ಕುಬಂದಿ ಮತ್ತು ಸದ್ಯದ ಸ್ಥಿತಿಯನ್ನು ಖಚಿತಪಡಿಸಿಕೊಳ್ಳಬೇಕು, ಬೇರೆಯವರ ಹಕ್ಕುಗಳೇನಾದರೂ ಇದ್ದರೆ ಅವನ್ನೂ ಡಿಕ್ರಿಗೆ ಮುನ್ನವೇ ಬಯಲಿಗೆ ತರಬೇಕು. ಈ ಕೆಲಸ ಆಗಬೇಕಾದದ್ದು ವಿಚಾರಣಾ ನ್ಯಾಯಾಲಯದಲ್ಲಿ. ಅಲ್ಲಿ ಸಾಕಷ್ಟು ನ್ಯಾಯಾಧೀಶರು, ಸಿಬ್ಬಂದಿ, ಅಮೀನರು ಇಲ್ಲದಿದ್ದರೆ ಆರು ತಿಂಗಳ ಗಡುವು ಆದೇಶದ ಪ್ರತಿಯಲ್ಲೇ ಉಳಿಯುತ್ತದೆ.