ಚಾವಣಿಯ ಕೆಳಗಿನ ನೀರಾಟಕ್ಕೆ ನಿಜದ ಬೆಲೆ ಎಷ್ಟು?

ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆ ಕೆರೆಯದೆ ಮನೆ ಬಿಡುವಂತಿಲ್ಲ. ಅಂಥ ದಿನವೇ ವಿಸ್ಕಾನ್ಸಿನ್ ಡೆಲ್ಸ್ ಊರಿನ ಗ್ರೇಟ್ ವುಲ್ಫ್ ಲಾಡ್ಜ್ ಎಂಬ ನೀರಾಟದ ರೆಸಾರ್ಟ್‌ನ ಒಳಬಾಗಿಲು ತೆರೆದರೆ 29 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಗಾಳಿ ಮುಖಕ್ಕೆ ರಾಚುತ್ತದೆ, ಕನ್ನಡಕ ಮಸುಕಾಗುತ್ತದೆ. ಮರದ ಕೋಟೆಯಂಥ ಆಟದ ಗೋಪುರದ ನೆತ್ತಿಯಲ್ಲಿ ಒಂದು ಹಂಡೆ. ಸಾವಿರ ಗ್ಯಾಲನ್, ಅಂದರೆ ಸುಮಾರು 3,800 ಲೀಟರ್ ನೀರು ತುಂಬಿಕೊಂಡು ಅದು ನಿಧಾನಕ್ಕೆ ವಾಲತೊಡಗಿದರೆ, ಕೆಳಗೆ ಮಕ್ಕಳು ತಲೆಯ ಮೇಲೆ ಕೈಯಿಟ್ಟುಕೊಂಡು ಕಿರುಚುತ್ತ ಕಾಯುತ್ತಾರೆ. ಹಂಡೆ ಮಗುಚುತ್ತದೆ. ಆ ಒಂದು ಕ್ಷಣಕ್ಕೆ ಹಣ ಕೊಡುವುದು ದಂಡವೆಂದು ಯಾವ ತಂದೆತಾಯಿಗೂ ಅನಿಸುವುದಿಲ್ಲ. ಅನಿಸಬೇಕಾಗಿಯೂ ಇಲ್ಲ.

ತಕರಾರಿರುವುದು ಹಣ ಕೇಳುವ ರೀತಿಯ ಬಗ್ಗೆ.

ಈ ರೀತಿ ಹುಟ್ಟಿದ್ದೇ ಡೆಲ್ಸ್‌ನಲ್ಲಿ. ಬೇಸಿಗೆಯ ಮೂರು ತಿಂಗಳು ಪ್ರವಾಸಿಗರಿಂದ ಗಿಜಿಗುಟ್ಟಿ, ಶಾಲೆ ಶುರುವಾದೊಡನೆ ಬಾಗಿಲು ಹಾಕಿಕೊಳ್ಳುತ್ತಿದ್ದ ಊರದು. 1994ರಲ್ಲಿ ಅಲ್ಲಿನ ಪಾಲಿನೇಷಿಯನ್ ಹೋಟೆಲ್ ನೀರಾಟವನ್ನು ಚಾವಣಿಯ ಕೆಳಗೆ ತಂದಿತು. ಚಳಿಗಾಲದಲ್ಲೂ ಕೋಣೆಗಳು ತುಂಬತೊಡಗಿದವು. 1997ರಲ್ಲಿ ವಾಟರ್‌ಮನ್ ಸಹೋದರರು ಬ್ಲ್ಯಾಕ್ ವುಲ್ಫ್ ಲಾಡ್ಜ್ ಕಟ್ಟಿದರು. ಅದು ಕೈ ಬದಲಾಗಿ ಇಂದಿನ ಗ್ರೇಟ್ ವುಲ್ಫ್ ಆಯಿತು. 2000ದಲ್ಲಿ ಟಾಡ್ ನೆಲ್ಸನ್ ಅವರ ಕಲಹಾರಿ ರೆಸಾರ್ಟ್ ಬಂತು. ಇವರೆಲ್ಲರ ಮುಂದಿದ್ದ ಪ್ರಶ್ನೆ ಒಂದೇ: ಖಾಲಿ ಕೋಣೆಗಳನ್ನು ತುಂಬುವುದು ಹೇಗೆ? ಹಾಗಾಗಿ ನೀರಿಗೆ ಬೇರೆ ಟಿಕೆಟ್ ಇಡದೆ ಕೋಣೆಯ ಬಾಡಿಗೆಯಲ್ಲೇ ಅದನ್ನು ಸೇರಿಸಿದರು. ಅರ್ಧ ಗಂಟೆಯ ದೂರದಲ್ಲಿ ಸ್ವಂತ ಮನೆಯಿರುವವರೂ ಮಗುವನ್ನು ನೀರಿಗಿಳಿಸಲು ರಾತ್ರಿ ಅಲ್ಲೇ ಮಲಗಬೇಕಾದ ಪದ್ಧತಿ ಹೀಗೆ ಬೇರೂರಿತು. ಒಂದು ದಿನದ ಪಾಸ್ ಈಗ ಹಲವು ಕಡೆ ಸಿಗುತ್ತದೆ. ಆದರೆ ಅದರ ಬೆಲೆಯೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ನಾಲ್ವರದು ಕೂಡಿಸಿದರೆ ಎಷ್ಟೋ ಸಲ ಕೋಣೆಯ ಬಾಡಿಗೆಯನ್ನೇ ಮುಟ್ಟುತ್ತದೆ.

ಬಿಡದಿಯ ವಂಡರ್‌ಲಾಗೆ ಬೆಳಗ್ಗೆ ಹೋಗಿ ಸಂಜೆ ಮನೆ ಸೇರಿ ಅಭ್ಯಾಸವಿರುವ ಬೆಂಗಳೂರಿನವರಿಗೆ ಇದು ಮೊದಲು ಅರ್ಥವೇ ಆಗುವುದಿಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ರೆಸಾರ್ಟ್‌ಗಳು ಈಗ ಹೊಸತಲ್ಲ. ಡಾಲಸ್ ಸುತ್ತಲಿನವರಿಗೆ ಗ್ರೇಪ್‌ವೈನ್‌ನ ಗ್ರೇಟ್ ವುಲ್ಫ್, ಆಸ್ಟಿನ್‌ನವರಿಗೆ ರೌಂಡ್ ರಾಕ್‌ನ ಕಲಹಾರಿ, ಬೇ ಏರಿಯಾದವರಿಗೆ ಮಂಟೀಕಾದ ಗ್ರೇಟ್ ವುಲ್ಫ್ ಹತ್ತಿರ. ಡಿಸೆಂಬರ್ ರಜೆ ಬಂತೆಂದರೆ ಎರಡು ಮೂರು ಮನೆಯವರು ಕೂಡಿ ಹೊರಡುತ್ತಾರೆ. ಊರಿನಿಂದ ಬಂದ ಅಜ್ಜಿ ನೀರಿಗೆ ಕಾಲಿಡದೆ ದಡದ ಕುರ್ಚಿಯಲ್ಲಿ ಮೊಮ್ಮಕ್ಕಳ ಟವೆಲ್ ಕಾಯುತ್ತ ಕೂತರೂ ಕೋಣೆಯ ಲೆಕ್ಕದಲ್ಲಿ ಅವರೂ ಒಬ್ಬ ಅತಿಥಿಯೇ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. ನಾಲ್ವರ ಕೋಣೆಗೆ 260 ಡಾಲರ್ ಎಂದಿಟ್ಟುಕೊಳ್ಳಿ. ರೆಸಾರ್ಟ್ ಶುಲ್ಕ 45. ಎರಡರ ಮೇಲೂ ಶೇ. 13ರಷ್ಟು ತೆರಿಗೆ ಬಿದ್ದರೆ 345 ಆಯಿತು. ಎರಡು ಹೊತ್ತಿನ ಊಟಕ್ಕೆ 120, ಇಬ್ಬರು ಮಕ್ಕಳ ಆಟಕ್ಕೆ 80, ಕಾರು ನಿಲ್ಲಿಸಲು 20. ಒಟ್ಟು 565 ಡಾಲರ್, ಹತ್ತಿರ ಹತ್ತಿರ ಅರ್ಧ ಲಕ್ಷ ರೂಪಾಯಿ. ಇದು ಕೇವಲ ಉದಾಹರಣೆ. ಊರು, ವಾರ, ತಿಂಗಳು ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಆದರೆ ಕೋಣೆಯ 260 ಮಾತ್ರ ಲೆಕ್ಕ ಹಿಡಿದು ಹೊರಟವರು ಅದರ ಎರಡು ಪಟ್ಟು ತೆತ್ತು ಬರುವ ಕ್ರಮ ಮಾತ್ರ ಬದಲಾಗುವುದಿಲ್ಲ. ಡೆಲ್ಸ್‌ನಲ್ಲಂತೂ ಮಾಮೂಲಿ ಮಾರಾಟ ತೆರಿಗೆಯ ಜೊತೆಗೆ ಪ್ರವಾಸಿ ಊರೆಂಬ ಕಾರಣಕ್ಕೆ ಇನ್ನೂ ಶೇ. 1.25 ತೆರಿಗೆಯಿದೆ.

ಆ 80 ಡಾಲರಿನ ಆಟವನ್ನು ಹತ್ತಿರದಿಂದ ನೋಡಬೇಕು. ಗ್ರೇಟ್ ವುಲ್ಫ್‌ನಲ್ಲಿ ಅದರ ಹೆಸರು ಮ್ಯಾಜಿಕ್ವೆಸ್ಟ್. ಮಗು ಒಂದು ಮಂತ್ರದಂಡ ಹಿಡಿದು ಕಾರಿಡಾರಿನ ಪೆಟ್ಟಿಗೆಯತ್ತ ಬೀಸಿದರೆ ಮುಚ್ಚಳ ತಾನಾಗಿ ತೆರೆದುಕೊಳ್ಳುತ್ತದೆ, ಒಳಗೆ ಬೆಳಕು ಹತ್ತುತ್ತದೆ. ಆಟ ಚೆನ್ನಾಗಿದೆ, ಮಕ್ಕಳು ಮಹಡಿಯಿಂದ ಮಹಡಿಗೆ ಓಡುತ್ತಾರೆ. ಆದರೆ ದಂಡಕ್ಕೆ ಒಂದು ಬೆಲೆ, ಆಟಕ್ಕೆ ಇನ್ನೊಂದು, ದಂಡದ ತುದಿಗೆ ಸಿಕ್ಕಿಸುವ ಬಣ್ಣದ ಗೊಂಬೆಗೆ ಮತ್ತೊಂದು. ಪೆಟ್ಟಿಗೆಗಳಿರುವುದು ಎಲ್ಲರೂ ಓಡಾಡುವ ದಾರಿಯಲ್ಲೇ. ದಂಡವಿಲ್ಲದ ಮಗು ಅದರ ಮುಂದೆ ಬರಿಗೈ ಬೀಸುತ್ತ ನಿಲ್ಲುತ್ತದೆ. ಕೋಣೆಯ ಕೀಲಿಯೂ ಪರ್ಸೂ ಆಗಿ ಮಣಿಕಟ್ಟಿನಲ್ಲೇ ಕೂತ ಪಟ್ಟಿಯಿಂದ ಹಣ ಹೋದದ್ದೇ ತಿಳಿಯುವುದಿಲ್ಲ. ದೊಡ್ಡವರಿಗೆ ಹೀಗೆ ಮಾರಿದರೆ ಅದು ವ್ಯಾಪಾರ. ಆರು ವರ್ಷದ ಮಗುವಿನ ಆಸೆಯನ್ನು ಅಪ್ಪ ಅಮ್ಮನ ಎದುರು ಹೀಗೆ ನಿಲ್ಲಿಸುವುದು ಅನ್ಯಾಯ. ಈ ಉದ್ಯಮದ ಮೇಲೆ ಹೊರಿಸಬೇಕಾದ ಮುಖ್ಯ ದೂರು ಇದೇ.

ಇನ್ನೊಂದು ದೂರಿಗೆ ಸ್ವಲ್ಪ ಪರಿಹಾರ ಸಿಕ್ಕಿದೆ. ಕಡಿಮೆ ಬಾಡಿಗೆ ತೋರಿಸಿ, ಕಾರ್ಡ್ ನಂಬರು ಹಾಕುವ ಹೊತ್ತಿಗೆ ರೆಸಾರ್ಟ್ ಶುಲ್ಕ ಸೇರಿಸುವ ಚಾಳಿ ಅಮೆರಿಕದ ಹೋಟೆಲುಗಳಲ್ಲಿ ಬಹಳ ಕಾಲದಿಂದ ಇತ್ತು. ಫೆಡರಲ್ ಟ್ರೇಡ್ ಕಮಿಷನ್ನಿನ ಹೊಸ ನಿಯಮ 2025ರ ಮೇ 12ರಿಂದ ಜಾರಿಗೆ ಬಂದಿದ್ದು, ಕಡ್ಡಾಯ ಶುಲ್ಕಗಳನ್ನು ಮೊದಲೇ ಬಾಡಿಗೆಯಲ್ಲಿ ಕೂಡಿಸಿ ತೋರಿಸಬೇಕು. ಶುಲ್ಕವೇನೂ ರದ್ದಾಗಿಲ್ಲ. ತೆರಿಗೆಯನ್ನು ಮೊದಲ ಅಂಕಿಯಲ್ಲಿ ಸೇರಿಸಲೇಬೇಕೆಂದೂ ಇಲ್ಲ. ಆದರೂ ಎರಡು ರೆಸಾರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಈಗ ಸಾಧ್ಯ.

ಮಾಲೀಕರ ಖರ್ಚೂ ಸುಳ್ಳಲ್ಲ. ಹೊರಗೆ ಹಿಮ ಬೀಳುವಾಗ ಅಷ್ಟು ದೊಡ್ಡ ಕಟ್ಟಡವನ್ನು ಬೆಚ್ಚಗಿಡಬೇಕು, ತೇವ ಹೀರಬೇಕು, ಗಾಳಿ ಬದಲಿಸುತ್ತಿರಬೇಕು. ಈ ಕೊನೆಯದರಲ್ಲಿ ಜಿಪುಣತನ ಮಾಡಿದರೆ ಕಣ್ಣಿಗೇ ಗೊತ್ತಾಗುತ್ತದೆ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮೈನ್ ಮುಚ್ಚಿದ ಜಾಗದಲ್ಲಿ ನೀರಿನ ಮೇಲೆಯೇ ತೇಲುತ್ತ ನಿಲ್ಲುತ್ತದೆ. 2007ರಲ್ಲಿ ಒಹಾಯೊದ ಇಂಥದೊಂದು ರೆಸಾರ್ಟ್‌ನಲ್ಲಿ ಸರ್ಕಾರಿ ತಜ್ಞರು ತನಿಖೆ ನಡೆಸಿದಾಗ ಜೀವರಕ್ಷಕ ಸಿಬ್ಬಂದಿಯಲ್ಲಿ ಕೆಮ್ಮು, ಉಬ್ಬಸ, ಕಣ್ಣುರಿ ಉಳಿದ ನೌಕರರಿಗಿಂತ ಹೆಚ್ಚು ಕಂಡುಬಂತು. ಒಳ್ಳೆಯ ಗಾಳಿಗೆ, ಸಾಕಷ್ಟು ಜೀವರಕ್ಷಕರಿಗೆ ತೆರುವ ದುಡ್ಡು ನ್ಯಾಯವಾದದ್ದೇ. ಲೈಫ್ ಜಾಕೆಟ್ ಪುಕ್ಕಟೆ ಕೊಡುವುದು, ಸಂಜೆ ಲಾಬಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುವುದು ಗ್ರೇಟ್ ವುಲ್ಫ್‌ನ ಮೆಚ್ಚಬೇಕಾದ ಗುಣ.

ಒಂದು ರಾತ್ರಿಗೆ ಈ ಬೆಲೆ ಹೆಚ್ಚಲ್ಲ. ಕೋಣೆ ಸಂಜೆ ಸಿಕ್ಕರೂ ನೀರಿಗೆ ಮಧ್ಯಾಹ್ನವೇ ಇಳಿಯಬಹುದು, ಮರುದಿನ ಕೋಣೆ ಬಿಟ್ಟ ಮೇಲೂ ಪಾರ್ಕ್ ಮುಚ್ಚುವವರೆಗೆ ಆಡಬಹುದು. ಒಂದು ಬಾಡಿಗೆಗೆ ಎರಡು ದಿನದ ನೀರು. ಎರಡನೆಯ ರಾತ್ರಿಗೆ ಮತ್ತಷ್ಟು ಸುರಿದರೆ ಸಿಗುವುದು ಅದೇ ಹಂಡೆ, ಅದೇ ಜಾರುಬಂಡಿ. ರಜೆಯ ಶನಿವಾರದ ಬಾಡಿಗೆ ಜನವರಿಯ ಮಂಗಳವಾರದ ಎರಡು ಪಟ್ಟಾಗುವುದು ಅಪರೂಪವಲ್ಲ. ಶಾಲೆ, ಕೆಲಸ ಬಿಟ್ಟು ಮಂಗಳವಾರ ಹೋಗಲಾರದವರ ಮೇಲೆಯೇ ಆ ಹೊರೆ ಬೀಳುತ್ತದೆ.

ಊಟದ ಖರ್ಚಿಗೆ ಕನ್ನಡದ ಮನೆಗಳು ಆಗಲೇ ದಾರಿ ಕಂಡುಕೊಂಡಿವೆ. ಕೋಣೆಯಲ್ಲಿ ಫ್ರಿಜ್ಜೂ ಮೈಕ್ರೊವೇವೂ ಇರುವುದರಿಂದ ಪುಳಿಯೋಗರೆ, ಚಪಾತಿ, ಮೊಸರನ್ನದ ಡಬ್ಬಿಗಳು ಕಾರಿನ ಡಿಕ್ಕಿ ಸೇರುತ್ತವೆ. ನೀರಿನಿಂದ ಎದ್ದು ಬಂದು ಒದ್ದೆ ಕೂದಲಲ್ಲೇ ಮಂಚದ ಮೇಲೆ ಕೂತು ಮಕ್ಕಳು ಪೇಪರ್ ತಟ್ಟೆಯಲ್ಲಿ ಪುಳಿಯೋಗರೆ ತಿನ್ನುತ್ತಾರೆ. ಕೆಳಗಿನ ಪಿಜ್ಜಾ ಅಂಗಡಿಯ ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯೂ ಉಳಿದು, ಹಂಡೆ ಇನ್ನೆರಡು ಸಲ ಮಗುಚುವುದನ್ನು ನೋಡಲು ಹೊತ್ತಿರುತ್ತದೆ.