ಹಳ್ಳಿ ಮದುವೆಯ ಫೋಟೋ: ಅಂಚಿನಿಂದ ನೋಡಿ

ಊರ ಕಡೆಯ ಮದುವೆಗಳಿಗೂ ಈಗ ಫೋಟೋದವರು ಎರಡು ತಂಡವಾಗಿ ಬರುತ್ತಾರೆ. ‘ಟ್ರೆಡಿಷನಲ್’ನವರು ಶಾಸ್ತ್ರಗಳನ್ನೂ ವೇದಿಕೆ ಹತ್ತಿದ ನೆಂಟರನ್ನೂ ಒಂದೂ ಬಿಡದೆ ತೆಗೆಯುತ್ತಾರೆ. ‘ಕ್ಯಾಂಡಿಡ್’ನವರು ‘ಇಲ್ಲಿ ನೋಡಿ, ಸ್ವಲ್ಪ ನಗಿ’ ಅನ್ನದೆ, ನಡೆದದ್ದನ್ನು ನಡೆದ ಹಾಗೇ ಹಿಡಿಯಬೇಕಾದವರು. ಮೊದಲನೆಯವರ ಕೆಲಸವೇನೂ ಕೀಳಲ್ಲ. ಮುಯ್ಯಿ ಮಾಡಿದ ದೊಡ್ಡಪ್ಪ ಆಲ್ಬಂನಲ್ಲಿ ಇಲ್ಲದೆ ಹೋದರೆ ಮುನಿಸು ವರ್ಷಗಟ್ಟಲೆ ಉಳಿಯುತ್ತದೆ. ಎರಡನೆಯವರ ಚಿತ್ರ ನೋಡುವುದಕ್ಕೆ ಮಾತ್ರ ಒಂದಿಷ್ಟು ಅಭ್ಯಾಸ ಬೇಕು.

ಅಂಚು ಸುತ್ತಿ ಬನ್ನಿ

ಕಣ್ಣು ತಾನಾಗಿ ಮದುಮಕ್ಕಳ ಮೇಲೆ ಹೋಗುತ್ತದೆ. ಹೋಗಲಿ. ಆಮೇಲೆ ಚಿತ್ರದ ನಾಲ್ಕೂ ಅಂಚು ಸುತ್ತಿ. ಅಂತರಪಟ ಸರಿಯುವ ಗಳಿಗೆಯನ್ನೇ ತೆಗೆದುಕೊಳ್ಳಿ. ಸಾಧಾರಣ ಚಿತ್ರದಲ್ಲಿ ಜೀರಿಗೆ ಬೆಲ್ಲ ಹಿಡಿದ ಕೈಗಳು, ಎರಡು ಮುಖ, ಅಲ್ಲಿಗೆ ಮುಗಿಯಿತು. ಒಳ್ಳೆಯ ಚಿತ್ರದಲ್ಲಿ ಬಟ್ಟೆ ಹಿಡಿದೂ ಹಿಡಿದೂ ತೋಳು ಸೋತ ಮಾವ ಇರುತ್ತಾರೆ. ಗಟ್ಟಿಮೇಳಕ್ಕೆಂದು ವಾಲಗದವರತ್ತ ಕೈ ಎತ್ತಿದ ಪುರೋಹಿತರು, ತಡೆಯಲಾರದೆ ಅಕ್ಷತೆ ಮೊದಲೇ ಎಸೆದುಬಿಟ್ಟ ಪೋರ, ಸೌಟು ಕೆಳಗಿಡುವುದನ್ನೂ ಮರೆತು ಬಾಗಿಲಿಗೆ ಓಡಿಬಂದ ಅಡುಗೆಯವರು, ಎಲ್ಲರೂ ಸಿಗುತ್ತಾರೆ. ಹಳ್ಳಿಯಲ್ಲಿ ಮದುವೆ ಊರೇ ಸೇರಿ ಮಾಡುವ ಕೆಲಸ. ಆ ಕೆಲಸ ಚಿತ್ರದೊಳಗೆ ಬಂದಿದೆಯೇ ಎಂಬುದೇ ಮುಖ್ಯ ಪರೀಕ್ಷೆ.

ಮಸುಕಿಗೆ ಮರುಳಾಗಬೇಡಿ

200 ಎಂಎಂ ಲೆನ್ಸಿನಲ್ಲಿ ದೂರದಿಂದ ತೆಗೆದ ಚಿತ್ರದಲ್ಲಿ ಮುಖ ಚೊಕ್ಕವಾಗಿ, ಹಿನ್ನೆಲೆ ಬೆಣ್ಣೆಯಂತೆ ಕರಗಿರುತ್ತದೆ. ನೋಡಲು ಚೆಂದ. ಆದರೆ ಕರಗಿಹೋದದ್ದು ಅಂಗಳ, ಜಗಲಿ, ಕಾಲು ಚಾಚಿ ಕೂತು ಸೋಬಾನೆ ಹೇಳುತ್ತಿದ್ದ ಹೆಂಗಸರು. 35 ಎಂಎಂ ಹಿಡಿದವರು ಹತ್ತಿರ ಹೋಗಲೇಬೇಕು. ಅಷ್ಟು ಹತ್ತಿರ ಹೋದರೂ ಯಾರೊಬ್ಬರೂ ಕ್ಯಾಮೆರಾ ಕಡೆ ತಿರುಗಿಲ್ಲವೆಂದರೆ, ಫೋಟೋಗ್ರಾಫರ್ ಬೆಳಗಿನ ಕಾಫಿ ಹೊತ್ತಿನಿಂದಲೇ ಆ ಮನೆಯಲ್ಲಿ ಬಳಕೆಯಾಗಿದ್ದಾರೆ ಎಂದು ತಿಳಿಯಿರಿ.

ಬೆಳಕು, ವೇಗ

ತೆಂಗಿನ ಗರಿಯ ಚಪ್ಪರದಡಿ ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದು ಮುಖದ ಮೇಲೆ ಬಿಳಿ ಮಚ್ಚೆ ಮಾಡುತ್ತದೆ. ಬಣ್ಣದ ಶಾಮಿಯಾನವಾದರೆ ಬಟ್ಟೆಯ ಬಣ್ಣ ಎಲ್ಲರ ಕೆನ್ನೆಗೂ ಬಳಿದುಕೊಳ್ಳುತ್ತದೆ. ನುರಿತವರು ಹೊರಗಿನ ಬೆಳಕು ಒಳಬರುವ ಕಡೆ ಜಾಗ ಹಿಡಿಯುತ್ತಾರೆ, ಇಲ್ಲವೇ ಕಪ್ಪು-ಬಿಳುಪಿಗೆ ಮೊರೆ ಹೋಗುತ್ತಾರೆ. ಅಕ್ಷತೆಯನ್ನೂ ಗಮನಿಸಿ: ಶಟರ್ 1/1000 ಸೆಕೆಂಡಿಗಿದ್ದರೆ ಕಾಳುಕಾಳಾಗಿ ಗಾಳಿಯಲ್ಲಿ ನಿಂತಿರುತ್ತದೆ, 1/30ರಲ್ಲಿ ಹಳದಿ ಗೆರೆಯಾಗಿ ಸುರಿಯುತ್ತದೆ. ಮೊದಲನೆಯದು ಗಳಿಗೆಯನ್ನು ನಿಲ್ಲಿಸಿ ತೋರಿಸಿದರೆ, ಎರಡನೆಯದು ಅದರ ಗಡಿಬಿಡಿ ತೋರಿಸುತ್ತದೆ.

ನಟನೆ ಹಿಡಿಯುವುದು ಹೇಗೆ?

ಕ್ಯಾಮೆರಾ ನೋಡದಿದ್ದ ಮಾತ್ರಕ್ಕೆ ಚಿತ್ರ ಸಹಜವಾಗುವುದಿಲ್ಲ. ಬಾವಿಕಟ್ಟೆಯ ಮೇಲೆ ಕೂತು, ದೂರ ದೃಷ್ಟಿ ನೆಟ್ಟು, ಜುಮುಕಿ ಸರಿಮಾಡಿಕೊಳ್ಳುವ ಮದುಮಗಳನ್ನು ನೋಡಿದ್ದೀರಿ. ಕಟ್ಟೆಯ ಮೇಲೆ ಕೊಡವಿಲ್ಲ, ಹಗ್ಗವಿಲ್ಲ. ಮದುವೆಮನೆಯಾದರೂ ಸುತ್ತ ಒಬ್ಬರೂ ಇಲ್ಲ. ಅದು ಹೇಳಿ ಮಾಡಿಸಿದ ಚಿತ್ರ. ತಪ್ಪೇನಿಲ್ಲ, ಆದರೆ ದಾಖಲೆಯ ಲೆಕ್ಕಕ್ಕೆ ಬರುವುದಿಲ್ಲ.

ಕ್ಯಾಂಡಿಡ್ ಶೈಲಿಗೆ ಜಗತ್ತಿನ ಕಣ್ಣು ತೆರೆಸಿದ ಚಿತ್ರಗಳಲ್ಲೊಂದು ಪಟ್ಟಣದಲ್ಲಿ ತೆಗೆದದ್ದಲ್ಲ. 1996ರಲ್ಲಿ ಅಮೆರಿಕದ ಕಂಬರ್‌ಲ್ಯಾಂಡ್ ದ್ವೀಪದ ಪುಟ್ಟ ಮರದ ಚರ್ಚಿನಲ್ಲಿ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಅವರ ಮದುವೆಯಾಯಿತು. ಹೊರಬರುತ್ತ ಅವರು ವಧುವಿನ ಕೈಗೆ ಮುತ್ತಿಟ್ಟದ್ದನ್ನು ಡೆನಿಸ್ ರೆಗ್ಗಿ ಹಿಡಿದರು. ಪತ್ರಿಕಾ ಛಾಯಾಗ್ರಾಹಕರ ರೀತಿಯಲ್ಲಿ ಮದುವೆ ತೆಗೆಯುವುದಕ್ಕೆ ಹೆಸರಾದವರು ಅವರು.

ಕೊನೆಗೊಂದು ಸಲಹೆ. ಹಳ್ಳಿ ಮದುವೆಯ ಆಲ್ಬಂ ಒಬ್ಬರೇ ಕೂತು ನೋಡಬೇಡಿ. ಆ ಮನೆಯ ಅಜ್ಜಿಯನ್ನು ಪಕ್ಕಕ್ಕೆ ಕರೆಯಿರಿ. ಅಂಚಿನಲ್ಲಿರುವವರ ಹೆಸರು, ಅವತ್ತಿನ ಜಗಳ, ಸಾರಿಗೆ ಉಪ್ಪು ಕಡಿಮೆಯಾದ ಕಥೆ ಅವರಿಂದಲೇ ಹೊರಬರಬೇಕು. ಯಾವ ಚಿತ್ರಕ್ಕೆ ಅವರ ಮಾತು ನಿಲ್ಲುವುದೇ ಇಲ್ಲವೋ ಅದೇ ಆಲ್ಬಂನ ಒಳ್ಳೆಯ ಚಿತ್ರ. ಅದರಲ್ಲಿ ಮದುಮಕ್ಕಳ ಬೆನ್ನಷ್ಟೇ ಕಾಣುತ್ತಿದ್ದರೂ ಸರಿಯೇ.