ವೀಕ್ಷಕರು ಕಳಿಸಿದ ವಿಡಿಯೋ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತ್ತು. ಅದೇ ಹೊಳೆಯ ದಂಡೆ ಮೇಲಿನ ನಮ್ಮೂರಿಗೂ ಬಂತು. ನನ್ನ ಚಿಕ್ಕಪ್ಪನ ಮಗ ಮಾಳಿಗೆ ಏರಿ ವಿಡಿಯೋ ಮಾಡಿ ಒಂದು ಚಾನೆಲ್‌ನ ವಾಟ್ಸಾಪ್ ನಂಬರಿಗೆ ಕಳಿಸಿದ. ರಸ್ತೆ ಮುಳುಗಿತ್ತು, ಚಾನೆಲ್‌ನವರ ಕ್ಯಾಮೆರಾ ಬರೋ ಹಂಗಿರಲಿಲ್ಲ. ಸಂಜೆ ಅವನ ವಿಡಿಯೋ ಟೀವಿಯಲ್ಲಿ ಬಂತು. ಮೇಲೆ ದೊಡ್ಡ ಲೋಗೋ. ಅವನ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ‘ಇರ್ಲಿ ಬಿಡೋ ಅಣ್ಣಾ, ನೀರು ಬಂದಿದ್ದು ಮಂದಿಗೆ ಗೊತ್ತಾತಲ್ಲ’ ಅಂದ. ನಾನೂ ಸುಮ್ಮನಾದೆ.

ಮುಂದೊಂದು ಮಳೆಗಾಲ ಬೆಂಗಳೂರಿನಲ್ಲಿ ಊಟ ಮಾಡುತ್ತಾ ಟೀವಿ ನೋಡಿದರೆ ನಮ್ಮ ಓಣಿ ಮುಳುಗಿದೆ! ಕೆಳಗೆ ‘ಈಗಿನ ದೃಶ್ಯ’ ಅಂತ ಬೇರೆ. ಎಂಜಲು ಕೈಯಲ್ಲೇ ಊರಿಗೆ ಫೋನ್ ಹಚ್ಚಿದೆ. ‘ಎಲ್ಲಿ ನೀರೋ? ಹೊಳಿ ತನ್ನ ಪಾಡಿಗೆ ತಾ ಹರಿಯಾಕತ್ತೈತಿ’ ಅಂದಳು ಅವ್ವ. ಅದು ತಮ್ಮನ ಹಳೇ ವಿಡಿಯೋ.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಿಂದ, ಅದನ್ನು ಎಲ್ಲಿ ತೆಗೆದದ್ದು ಅನ್ನೋ ಮಾಹಿತಿ ದಾರಿಯಲ್ಲೇ ಅಳಿಸಿಹೋಗುತ್ತೆ. ವಿಡಿಯೋ ಹತ್ತು ಗ್ರೂಪು ದಾಟಿ ಬಂದರೆ ಮಾಡಿದವರು ಯಾರು, ಯಾವತ್ತು ಅನ್ನೋದೂ ಸಿಗೋದಿಲ್ಲ. ಆದರೆ ನಮ್ಮ ಹುಡುಗ ನೇರವಾಗಿ ಕಳಿಸಿದ್ದ. ಅವನ ನಂಬರ್ ಚಾನೆಲ್‌ನವರ ಮುಂದೇ ಇತ್ತು. ಒಂದು ಫೋನ್ ಮಾಡಿ ಕೇಳಿ, ಊರು, ತಾರೀಖು, ತೆಗೆದವನ ಹೆಸರು ಪರದೆ ಮೇಲೆ ಹಾಕಿದ್ದರೆ ಆ ವಿಡಿಯೋ ಇನ್ನೊಂದು ವರ್ಷದ ನೆರೆಯಾಗುತ್ತಿರಲಿಲ್ಲ.

ತಮ್ಮ ಈಗ ಯಾವ ಚಾನೆಲ್‌ಗೂ ಏನೂ ಕಳಿಸೋದಿಲ್ಲ. ನಾಳೆ ನಿಜವಾಗಿ ನೀರು ಬಂದು, ಅದನ್ನು ಟೀವಿಯಲ್ಲಿ ತೋರಿಸಿದರೆ, ನಾನು ನಂಬ್ತೀನಾ?